ಹೆಬ್ಬೆಟ್ಟು ಒತ್ತುವ ಮುಂಚೆ ಒಂದು ಮಾತು

ಲಗ್ಗೆರೆ ದಾಟಿ ಪೀಣ್ಯದ ಕಡೆಗೆ ಹೋಗುವ ಮಣ್ಣುರಸ್ತೆಯ ಮಗ್ಗುಲಲ್ಲಿ ಒಂದು ಸರ್ಕಾರಿ ಹೈಸ್ಕೂಲಿತ್ತು. ಅಲ್ಲಿ ಗಂಟೆ ಹೊಡೆಯುವುದು, ಕಸ ಗುಡಿಸುವುದು, ಮೇಷ್ಟರುಗಳಿಗೆ ನೀರು ತಂದಿಡುವುದು ಪಿಳ್ಳಮ್ಮನ ಕೆಲಸ. ಸ್ಕೂಲಿನ ಹಿಂದುಗಡೆಯ ಶೆಡ್ಡಿನಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಕಬ್ಬಿಣ ಕೊರೆಯುವ ಸದ್ದು. ಆ ಶೆಡ್ಡು ನಿಂತ ಜಾಗ ಒಂದು ಕಾಲಕ್ಕೆ ಅವಳ ಮಾವನ ರಾಗಿ ಹೊಲ. ಕೈಗಾರಿಕೆಗೆಂದು ಹೊಲ ಹೋದ ಮೇಲೆ ಗಂಡ ಬೈರಪ್ಪ ಅದೇ ಸಾಲಿನ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆದ. ಪಿಳ್ಳಮ್ಮನಿಗೆ ಸ್ಕೂಲಿನ ಕೆಲಸ ಸಿಕ್ಕಿತು. ಗಂಡ ಹೆಂಡತಿ ಇಬ್ಬರಿಗೂ ಓದು ಬರಹ ಬರುತ್ತಿರಲಿಲ್ಲ. ಅದು ಆ ಸುತ್ತಿನಲ್ಲಿ ದೊಡ್ಡ ವಿಷಯವೂ ಆಗಿರಲಿಲ್ಲ.

ಅವರ ಒಬ್ಬಳೇ ಮಗಳು ಮುನಿಲಕ್ಷ್ಮಿ ಎಪ್ಪತ್ತೇಳನೆಯ ಇಸವಿಯಲ್ಲಿ ಎಸ್ಸೆಸ್ಸೆಲ್ಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದಳು. ಊರಿನ ಹೆಣ್ಣುಮಕ್ಕಳಲ್ಲಿ ಅವಳೇ ಮೊದಲು. ಬೈರಪ್ಪ ಒಂದು ದಿನ ರಜ ಹಾಕಿ, ಒಗೆದ ಷರಟು ತೊಟ್ಟು, ಮಗಳನ್ನು ಯಶವಂತಪುರದ ಆಚೆಯ ಕಾಲೇಜಿಗೆ ಕರೆದುಕೊಂಡು ಹೋದ. ಆರ್ಟ್ಸಾ, ಸೈನ್ಸಾ ಎಂದು ಕೌಂಟರಿನಲ್ಲಿ ಕೇಳಿದರು. ಎರಡಕ್ಕೂ ಏನು ವ್ಯತ್ಯಾಸವೆಂದು ಅವನಿಗೆ ತಿಳಿಯದು, ಪಕ್ಕದಲ್ಲಿ ನಿಂತ ಮಗಳಿಗೂ ತಿಳಿಯದು. ಯಾವುದು ಬೇಗ ಬಿಡುತ್ತದೆ ಎಂದು ಕೇಳಿದ. ಆರ್ಟ್ಸು ಮಧ್ಯಾಹ್ನ ಒಂದಕ್ಕೆ ಬಿಡುತ್ತದೆ, ಸೈನ್ಸಿನವರಿಗೆ ಪ್ರಾಕ್ಟಿಕಲ್ ಇರುತ್ತದೆ, ಐದಾಗುತ್ತದೆ ಎಂದರು. ಎರಡು ಗಂಟೆಯ ಬಸ್ಸು ಬಿಟ್ಟರೆ ಲಗ್ಗೆರೆ ಕಡೆಗೆ ಮುಂದಿನ ಬಸ್ಸು ಏಳಕ್ಕೆ. ಅದರಲ್ಲಿ ಶಿಫ್ಟು ಮುಗಿಸಿದ ಗಂಡಸರು ಬಾಗಿಲಲ್ಲಿ ನೇತಾಡಿಕೊಂಡು ಬರುತ್ತಿದ್ದರು. ಬೈರಪ್ಪ ಹೆಚ್ಚು ಯೋಚಿಸಲಿಲ್ಲ. ಆರ್ಟ್ಸು ಎಂದು ಹೇಳಿ ಹೆಬ್ಬೆಟ್ಟು ಒತ್ತಿ ಬಂದ. ಮನೆಯಲ್ಲಿ ಅವತ್ತು ಪಾಯಸ.

ಮುನಿಲಕ್ಷ್ಮಿಯ ಮನಸ್ಸಿನಲ್ಲಿ ಮಾತ್ರ ಒಂದು ಆಸೆ ಇತ್ತು. ಅಪ್ಪನ ಕೈಬೆರಳು ಗೇಟಿಗೆ ಸಿಕ್ಕಿ ಜಜ್ಜಿಹೋದಾಗ ಅವಳೂ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳು. ಅಲ್ಲಿ ಒಬ್ಬ ಹೆಂಗಸು ಬಿಳಿ ಕೋಟು ಹಾಕಿಕೊಂಡು ಮೈಕ್ರೋಸ್ಕೋಪಿನ ಮೇಲೆ ಕಣ್ಣಿಟ್ಟು ರಕ್ತ ಪರೀಕ್ಷೆ ಮಾಡುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಹುಡುಗಿಯನ್ನು ಕರೆದು ಒಮ್ಮೆ ನೋಡಲೂ ಬಿಟ್ಟಿದ್ದಳು. ಆ ಕೆಲಸ ಕಲಿಯಬೇಕೆಂದು ಮುನಿಲಕ್ಷ್ಮಿ ಅವತ್ತೇ ಗಟ್ಟಿ ಮಾಡಿಕೊಂಡಿದ್ದಳು. ಪಿ.ಯು.ಸಿ. ಆದ ಮೇಲೆ ತಾಯಿಯನ್ನು ಕರೆದುಕೊಂಡು ತರಬೇತಿಯ ಅರ್ಜಿ ತರಲು ಹೋದಳು. ಕೌಂಟರಿನಲ್ಲಿದ್ದಾತ ಅಂಕಪಟ್ಟಿ ನೋಡಿ ವಾಪಸು ಕೊಟ್ಟ. ಸೈನ್ಸ್ ಓದಿದವರಿಗೆ ಮಾತ್ರ ಎಂದ. ಪಿಳ್ಳಮ್ಮ ಬೇಡಿಕೊಂಡಾಗ ಅವನು ಗದರಲಿಲ್ಲ.

"ಒಳ್ಳೆ ನಂಬರೇ ಇದೆ ಅಮ್ಮ. ಎರಡು ವರ್ಷದ ಹಿಂದೆ ಯಾರಾದ್ರೂ ಮೇಷ್ಟರನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತು."

ವಾಪಸು ಬರುವ ಬಸ್ಸಿನಲ್ಲಿ ಮುನಿಲಕ್ಷ್ಮಿ ಅಳಲಿಲ್ಲ. ನಂಗೂ ಗೊತ್ತಿರ್ಲಿಲ್ಲ ಕಣಮ್ಮ ಎಂದಳು, ಅಷ್ಟೆ. ಪಿಳ್ಳಮ್ಮ ಮಾತ್ರ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಹದಿನಾಲ್ಕು ಜನ ಮೇಷ್ಟರುಗಳಿಗೆ ದಿನಾ ಕೈಯಾರೆ ನೀರು ಕೊಡುವವಳು ಅವಳು. ಅವರಲ್ಲಿ ಒಬ್ಬರನ್ನಾದರೂ ಕೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಕೇಳುವಂಥ ವಿಷಯ ಒಂದಿದೆ ಎಂಬುದೇ ಗೊತ್ತಿರಲಿಲ್ಲ.

ಮಾರನೆಯ ದಿನದಿಂದ ಅವಳು ಕೇಳಲು ಶುರು ಮಾಡಿದಳು. ಮೊದಲು ಕೇಳಿದ್ದು ವಿಜ್ಞಾನದ ಭದ್ರಮ್ಮ ಮೇಡಂ ಅವರನ್ನು. ದಿನಕ್ಕೆ ಒಂದೇ ಪ್ರಶ್ನೆ. ನೀರಿನ ಲೋಟ ಇಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳುತ್ತಿದ್ದಳು. ಏಳನೆಯ ತರಗತಿ ಆದ ಮೇಲೆ ಎಷ್ಟು ದಾರಿ? ಜೂನಿಯರ್ ಟೆಕ್ನಿಕಲ್ ಸ್ಕೂಲು ಅಂದರೆ ಏನು? ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸಿದ ಮಗು ನಡುವೆ ಕನ್ನಡಕ್ಕೆ ಬರಬಹುದಾ? ಐ.ಟಿ.ಐ.ಗೂ ಪಾಲಿಟೆಕ್ನಿಕ್ಕಿಗೂ ಏನು ಭೇದ? ಭದ್ರಮ್ಮ ಮೇಡಂ ಮೊದಮೊದಲು ನಕ್ಕರು, ಆಮೇಲೆ ಕುರ್ಚಿ ಎಳೆದು ಕೂರಿಸಿಕೊಂಡು ಹೇಳತೊಡಗಿದರು. ಪಿಳ್ಳಮ್ಮನಿಗೆ ಬರೆದಿಟ್ಟುಕೊಳ್ಳಲು ಬಾರದು. ಕೇಳಿದ್ದನ್ನು ಕೋಣೆ ಕೋಣೆ ಗುಡಿಸುವಾಗ ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ಎಂಟನೆಯ ತರಗತಿಯ ಕೋಣೆಯಿಂದ ಶುರು ಮಾಡಿ ಆಫೀಸಿಗೆ ಬರುವ ಹೊತ್ತಿಗೆ ಆ ದಿನದ ಪಾಠ ಗಟ್ಟಿಯಾಗಿರುತ್ತಿತ್ತು.

ಬರೀ ಕೇಳಿದ್ದರಲ್ಲೇ ಅವಳು ನಿಲ್ಲಲಿಲ್ಲ. ಬೇಸಿಗೆ ರಜದಲ್ಲಿ ಐ.ಟಿ.ಐ.ಗೆ ಹೋಗಿ ವರ್ಕ್‌ಶಾಪಿನ ಕಿಟಕಿಯಲ್ಲಿ ನಿಂತು ನೋಡಿದಳು. ಪಾಲಿಟೆಕ್ನಿಕ್ಕಿನ ಆಫೀಸಿಗೆ ಎರಡು ಸಲ ಹೋದಳು. ಬೈರಪ್ಪನ ಕಾರ್ಖಾನೆಯ ಫೋರ್‌ಮನ್ ಗೇಟಿನಲ್ಲಿ ಕಾಫಿಗೆ ಬಂದಾಗ, ನಮ್ಮೂರ ಹುಡುಗರನ್ನು ಯಾಕೆ ತೆಗೆದುಕೊಳ್ಳುವುದಿಲ್ಲ ಎಂದು ನೇರವಾಗಿ ಕೇಳಿದಳು. ಫಿಟ್ಟರೋ ಟರ್ನರೋ ಕಲಿತು ಬಂದರೆ ಯಾರೂ ಬೇಡ ಅನ್ನುವುದಿಲ್ಲ, ಎಸ್ಸೆಸ್ಸೆಲ್ಸಿ ಫೇಲಾಗಿ ಬಂದರೆ ಕಸ ಹೊರುವ ಕೆಲಸ ಬಿಟ್ಟು ಬೇರೇನು ಕೊಡಲಿ ಎಂದು ಆತ ಹೇಳಿದ.

ಎಂಬತ್ತನೆಯ ಇಸವಿಯ ಜೂನಿನಲ್ಲಿ ಅಡ್ಮಿಷನ್ ಶುರುವಾಯಿತು. ಪಂಚೆ ಎತ್ತಿ ಕಟ್ಟಿಕೊಂಡ ಅಪ್ಪಂದಿರು, ಸೆರಗು ಹೊದ್ದ ಅಮ್ಮಂದಿರು ಗುಮಾಸ್ತ ಶ್ಯಾಮಣ್ಣನ ಮೇಜಿನ ಮುಂದೆ ಸಾಲಾಗಿ ನಿಂತರು. ಶ್ಯಾಮಣ್ಣ ಕೆಟ್ಟವನಲ್ಲ, ಅವಸರದವನು. ಭಾಷೆ ಯಾವುದು, ಮೀಡಿಯಂ ಯಾವುದು ಎಂದು ಒಂದೇ ಉಸಿರಿಗೆ ಕೇಳಿ, ಎದುರಿನವರು ತಡವರಿಸಿದರೆ ತಾನೇ ತುಂಬಿ ಮಸಿಯ ಪ್ಯಾಡನ್ನು ಮುಂದಕ್ಕೆ ನೂಕುತ್ತಿದ್ದ. ಪಿಳ್ಳಮ್ಮ ಹೊರಗಡೆ ಹೊಂಗೆಮರದ ಕೆಳಗೆ ನಿಂತು, ಎಂಟನೆಯದಕ್ಕೆ ಸೇರಿಸಲು ಬಂದವರನ್ನೂ, ಹತ್ತು ಮುಗಿಸಿದವರ ಟಿ.ಸಿ.ಗೆ ಬಂದವರನ್ನೂ ಒಬ್ಬೊಬ್ಬರನ್ನಾಗಿ ತಡೆದಳು.

"ಎಬ್ಬೆಟ್ಟು ಒತ್ತೋಕ್ ಮುಂಚೆ ಒಂದ್ ಮಾತು ಕೇಳ್ಕೊಂಡ್ ಓಗಣ್ಣ" ಎನ್ನುತ್ತಿದ್ದಳು.

ಅವಳು ಹೇಳುವ ಬಗೆಯೇ ಬೇರೆ. ಇದನ್ನು ಓದಿದರೆ ನಿನ್ನ ಮಗ ಏನಾಗುತ್ತಾನೆ ಎಂದು ಮೇಷ್ಟರುಗಳು ಹೇಳುತ್ತಿದ್ದರು. ಇದನ್ನು ಓದಿದರೆ ಮುಂದೆ ಏನಾಗುವುದಕ್ಕೆ ಆಗುವುದಿಲ್ಲ ಎಂದು ಪಿಳ್ಳಮ್ಮ ಹೇಳುತ್ತಿದ್ದಳು. ಆರ್ಟ್ಸು ತಗೊಂಡರೆ ಆಸ್ಪತ್ರೆಯ ಲ್ಯಾಬು ಇಲ್ಲ, ಟೀಚರ್ ಟ್ರೈನಿಂಗ್ ಉಂಟು. ಸೈನ್ಸು ತಗೊಂಡು ಆಮೇಲೆ ಕಷ್ಟವಾದರೆ ಆರ್ಟ್ಸಿನ ಡಿಗ್ರಿಗೆ ಬರಬಹುದು, ಆ ಕಡೆಯಿಂದ ಈ ಕಡೆಗೆ ಬರಲಾಗದು. ಹತ್ತನೆಯದರಲ್ಲಿ ಲೆಕ್ಕ ಕೈಕೊಟ್ಟರೆ ಪಾಲಿಟೆಕ್ನಿಕ್ಕಿನ ಆಸೆ ಬಿಡಬೇಕು, ಅದಕ್ಕೆ ಈಗಲೇ ಲೆಕ್ಕದ ಮೇಷ್ಟರ ಕಾಲು ಹಿಡಿದುಕೋ. ಹೀಗೆ ಹೇಳಿದ್ದು ಜನಕ್ಕೆ ನಾಟುತ್ತಿತ್ತು. ತನ್ನ ಮಗಳ ಕಥೆಯನ್ನೂ ಅವಳು ಮುಚ್ಚಿಡುತ್ತಿರಲಿಲ್ಲ. ಬೈರಪ್ಪನ ಮೇಲೆ ತಪ್ಪು ಹಾಕುತ್ತಲೂ ಇರಲಿಲ್ಲ. ನಾವಿಬ್ಬರೂ ಕೇಳಲಿಲ್ಲ ಎಂದೇ ಹೇಳುತ್ತಿದ್ದಳು.

ಅವಳ ಮಾತು ಕೇಳಿ ಕೆಲವರು ಯೋಚನೆ ಮಾಡಿ ನಾಳೆ ಬರುತ್ತೇವೆಂದು ವಾಪಸು ಹೋದರು. ಶ್ಯಾಮಣ್ಣನಿಗೆ ರೇಗಿತು. ಗಂಟೆ ಹೊಡೆಯುವವಳು ಅಡ್ಮಿಷನ್ ನಡೆಸುತ್ತಿದ್ದಾಳೆ ಎಂದು ಹೆಡ್ ಮಾಸ್ಟರಿಗೆ ದೂರು ಕೊಟ್ಟ. ಹೆಡ್ ಮಾಸ್ಟರು ವೆಂಕಟರಮಣಪ್ಪನವರು ನಿಧಾನದ ಮನುಷ್ಯ. ಪಿಳ್ಳಮ್ಮನನ್ನು ಕರೆಸಿ, ಬಾಗಿಲು ಮುಂದೆ ಮಾಡಿ, ಗದರುವ ಬದಲು ಪ್ರಶ್ನೆ ಕೇಳಿದರು.

"ಪಿ.ಯು.ಸಿ.ಲಿ ಕಾಮರ್ಸ್ ಓದಿದ ಹುಡುಗ ಆಮೇಲೆ ಪಾಲಿಟೆಕ್ನಿಕ್ಕಿಗೆ ಹೋಗಬಹುದೇನಮ್ಮ?"

"ಓಗ್ಬೌದು ಸಾ. ಅಲ್ಲಿ ನೋಡೋದು ಎಸ್ಸೆಸ್ಸೆಲ್ಸಿ ನಂಬರು. ಆದ್ರೆ ಎರಡು ವರ್ಷ ಸುಮ್ಕೆ ಕಳ್ದಂಗಾಯ್ತದೆ."

"ಟೆಕ್ನಿಕಲ್ ಸ್ಕೂಲಲ್ಲಿ ಹತ್ತನೇದು ಮುಗಿಸಿದವನು ಪಿ.ಯು.ಸಿ. ಸೈನ್ಸಿಗೆ ಬರಬಹುದಾ?"

"ಇದೊಂದು ನಂಗೆ ಸರ್ಯಾಗಿ ಗೊತ್ತಿಲ್ಲ ಸಾ. ಒಬ್ರು ಬರ್ಬೌದು ಅಂದ್ರು, ಇನ್ನೊಬ್ರು ಆಗಲ್ಲ ಅಂದ್ರು. ಅದಕ್ಕೇ ಯಾರ್ಗೂ ಏಳಿಲ್ಲ."

ಆ ಪ್ರಶ್ನೆಗೆ ವೆಂಕಟರಮಣಪ್ಪನವರಿಗೂ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದಕ್ಕೆ ಹೆದರದ ಈ ಹೆಂಗಸಿನ ಮೇಲೆ ಅವರಿಗೆ ಗೌರವ ಬಂತು. ಮೇಲಿನ ಆಫೀಸಿಗೆ ಕಾಗದ ಬರೆದು ತಿಳಿದುಕೊಂಡು ಅವಳಿಗೂ ಹೇಳಿದರು. ಅಲ್ಲದೆ ಅಡ್ಮಿಷನ್ ತಿಂಗಳಲ್ಲಿ ಹೊಂಗೆಮರದ ಕೆಳಗೆ ಒಂದು ಬೆಂಚು ಹಾಕಿಸಿ, ಅಲ್ಲಿಗೆ ಹೋಗಿ ಬಂದವರ ಫಾರಂ ಮಾತ್ರ ತುಂಬಬೇಕೆಂದು ಶ್ಯಾಮಣ್ಣನಿಗೆ ಅಪ್ಪಣೆ ಮಾಡಿದರು. ಶ್ಯಾಮಣ್ಣ ಒಂದು ವಾರ ಮುಖ ಊದಿಸಿಕೊಂಡಿದ್ದ. ಆಮೇಲೆ ತನ್ನ ಕೆಲಸವೇ ಹಗುರವಾಯಿತೆಂದು ಕಂಡು ಸುಮ್ಮನಾದ.

ಮುಂದಿನ ವರ್ಷ ಹತ್ತನೆಯದು ಪಾಸಾದ ಹುಡುಗಿಯರಲ್ಲಿ ಆರು ಜನ ಸೈನ್ಸು ಎಂದರು. ಅವರ ಅಪ್ಪಂದಿರು ಪಿಳ್ಳಮ್ಮನ ಮನೆ ಮುಂದೆ ಬಂದು ನಿಂತರು. ಹಾಲಿನ ವ್ಯಾಪಾರದ ದೊಡ್ಡಮುನಿಯಪ್ಪ ಎಲ್ಲರ ಪರವಾಗಿ ಮಾತಾಡಿದ. ನೀನು ಹೇಳಿದ್ದೆಲ್ಲ ಸರಿ ಅಕ್ಕ, ಐದು ಗಂಟೆಗೆ ಪ್ರಾಕ್ಟಿಕಲ್ ಮುಗಿಸಿದ ಹೆಣ್ಣುಮಕ್ಕಳು ಏಳರ ಬಸ್ಸಿಗೆ ಕಾಯಬೇಕಾ ಎಂದ. ಜಗಲಿಯ ಮೇಲೆ ಕೂತಿದ್ದ ಬೈರಪ್ಪ ತಲೆ ತಗ್ಗಿಸಿದ. ಗಂಡ ಅವತ್ತು ದಡ್ಡತನದಿಂದ ಹಾಗೆ ಮಾಡಿರಲಿಲ್ಲವೆಂದು ಅವಳಿಗೆ ಆಗ ಪೂರ್ತಿ ಅರ್ಥವಾಯಿತು. ಓದಿನ ವಿಷಯ ತಿಳಿಸಿ ಹೇಳಿದರೆ ಮಾತ್ರ ಸಾಲದು. ಆ ಓದಿಗೆ ಹೋಗಿ ಬರಲು ಬಸ್ಸು ಬೇಕು.

ಅವಳು ಆರು ಜನ ಅಪ್ಪಂದಿರನ್ನೂ ಕರೆದುಕೊಂಡು ಬಸ್ ಡಿಪೋಗೆ ಹೋದಳು. ಮೊದಲ ಸಲ ಸಾಹೇಬರು ಸಿಗಲಿಲ್ಲ. ಎರಡನೆಯ ಸಲ ಅರ್ಜಿ ಬರೆದು ತನ್ನಿ ಎಂದರು. ಮುನಿಲಕ್ಷ್ಮಿ ಅರ್ಜಿ ಬರೆದಳು, ಅಷ್ಟು ಹೊತ್ತಿಗೆ ಅವಳು ಟೀಚರ್ ಟ್ರೈನಿಂಗಿಗೆ ಸೇರಿದ್ದಳು. ಮೂರನೆಯ ಸಲ ಆರು ಹುಡುಗಿಯರೂ ಜೊತೆಗೆ ಹೋಗಿ ಡಿಪೋದ ಬೇವಿನ ಮರದ ಕೆಳಗೆ ಪುಸ್ತಕ ಬಿಚ್ಚಿಕೊಂಡು ಕೂತರು. ಆಗಸ್ಟಿನಲ್ಲಿ ಐದೂವರೆಯ ಬಸ್ಸು ಬಂತು. ಹಳೆಯದು, ಏರು ಹತ್ತುವಾಗ ಕೆಮ್ಮುತ್ತಿತ್ತು. ಆದರೂ ದಿನಾ ಬರುತ್ತಿತ್ತು.

ಒಂದು ಸಲ ಅವಳು ತಪ್ಪು ಮಾಡಿದ್ದೂ ಉಂಟು. ತರಕಾರಿ ಬೆಳೆಯುವ ಚಿನ್ನಪ್ಪನ ಮಗ ಏಳನೆಯದು ಪಾಸಾದಾಗ, ಫೋರ್‌ಮನ್ ಹೇಳಿದ್ದು ತಲೆಯಲ್ಲಿದ್ದ ಪಿಳ್ಳಮ್ಮ ಎಂಟನೆಯದರಿಂದಲೇ ಪಾಠದ ಜೊತೆ ಯಂತ್ರದ ಕೆಲಸ ಕಲಿಸುವ ಟೆಕ್ನಿಕಲ್ ಸ್ಕೂಲಿಗೇ ಸೇರಿಸು ಎಂದು ಪಟ್ಟು ಹಿಡಿದಳು. ಚಿನ್ನಪ್ಪ ಅವಳ ಮಾತಿಗೆ ಎದುರಾಡದೆ ಸೇರಿಸಿದ. ಮೂರನೆಯ ತಿಂಗಳಿಗೆ ಹುಡುಗ ಊಟ ಬಿಟ್ಟ. ವರ್ಕ್‌ಶಾಪಿನ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಿದ್ದ. ಸುದ್ದಿ ಪಿಳ್ಳಮ್ಮನ ಕಿವಿಗೆ ಬಿತ್ತು. ಚಿನ್ನಪ್ಪನ ತೋಟಕ್ಕೆ ಹೋಗಿ, ಬದನೆ ಸಾಲಿನ ನಡುವೆ ನಿಂತು, ತಪ್ಪು ನನ್ನದು ಎಂದಳು.

"ಎಲ್ಲಾರ್ನೂ ಕೇಳ್ದೆ ಕಣಪ್ಪ ಚಿನ್ನಪ್ಪ, ಓದೋ ಮಗೀನೇ ಕೇಳ್ನಿಲ್ಲ."

ತಾನೇ ಹೋಗಿ ಹುಡುಗನ ಟಿ.ಸಿ. ತಂದಳು. ಅಡ್ಮಿಷನ್ ಮುಗಿದುಹೋಗಿತ್ತು. ಹಾಜರಿಯಲ್ಲಿ ಹೆಸರಿಲ್ಲದಿದ್ದರೂ ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಕೇಳಲು ಬಿಡಿ ಎಂದು ವೆಂಕಟರಮಣಪ್ಪನವರನ್ನು ಬೇಡಿದಳು. ಅವರು ಒಪ್ಪಿದರು. ಒಂದು ವರ್ಷ ಹೋಯಿತು, ಆದರೆ ಹುಡುಗ ಮತ್ತೆ ಊಟ ಮಾಡಿದ. ಅವತ್ತಿನಿಂದ ಬೆಂಚಿನ ಮೇಲೆ ಅಪ್ಪ ಅಮ್ಮ ಮಾತ್ರ ಬಂದು ಕೂತರೆ ಪಿಳ್ಳಮ್ಮ ಬಾಯಿ ಬಿಡುತ್ತಿರಲಿಲ್ಲ. ಮಗುವನ್ನು ಕರೆದುಕೊಂಡು ಬನ್ನಿ ಎಂದು ವಾಪಸು ಕಳಿಸುತ್ತಿದ್ದಳು. ಮಗು ಬಂದರೆ ಮೊದಲು ಅದನ್ನು ಪಕ್ಕಕ್ಕೆ ಕರೆದು, ಯಾವ ಪೀರಿಯಡ್ಡಿನಲ್ಲಿ ನಿನಗೆ ಗಂಟೆ ಬೇಗ ಹೊಡೆಯಲಿ ಅನ್ನಿಸುತ್ತದೆ, ಯಾವುದರಲ್ಲಿ ಹೊಡೆಯದಿರಲಿ ಅನ್ನಿಸುತ್ತದೆ ಎಂದು ಕೇಳುತ್ತಿದ್ದಳು.

ಮುನಿಲಕ್ಷ್ಮಿ ಟ್ರೈನಿಂಗ್ ಮುಗಿಸಿ ಪಕ್ಕದೂರಿನ ಪ್ರೈಮರಿ ಸ್ಕೂಲಿನಲ್ಲಿ ಮೇಡಂ ಆದಳು. ಮೈಕ್ರೋಸ್ಕೋಪಿನ ಆಸೆ ಪೂರ್ತಿ ಹೋಗಿತ್ತೆಂದು ಹೇಳಲಾಗದು. ಆದರೆ ಮಕ್ಕಳಿಗೆ ಅವಳೆಂದರೆ ಪ್ರಾಣ. ಐದೂವರೆಯ ಬಸ್ಸಿನಲ್ಲಿ ಬಂದವರ ಪೈಕಿ ದೊಡ್ಡಮುನಿಯಪ್ಪನ ಮಗಳು ಲ್ಯಾಬಿನ ತರಬೇತಿಗೆ ಸೇರಿದಳು. ಆ ಸುದ್ದಿ ತಂದವಳು ಮುನಿಲಕ್ಷ್ಮಿಯೇ. ತಾಯಿಯ ಕೈ ಹಿಡಿದುಕೊಂಡು ಹೇಳಿದಳಂತೆ.

ಎಂಬತ್ತಾರರ ಹೊತ್ತಿಗೆ ಪಿಳ್ಳಮ್ಮನನ್ನು ಕೇಳಲು ಹೆಗ್ಗನಹಳ್ಳಿಯಿಂದಲೂ ಸುಂಕದಕಟ್ಟೆಯಿಂದಲೂ ಜನ ಬರುತ್ತಿದ್ದರು. ಆಗಲೇ ಪಿ.ಯು.ಸಿ.ಯ ಬದಲಿಗೆ ಸೇರಬಹುದಾದ ಉದ್ಯೋಗದ ಕೋರ್ಸುಗಳು ಬಂದಿದ್ದವು, ಹಳೆಯ ನಿಯಮಗಳು ಬದಲಾಗುತ್ತಿದ್ದವು. ಹೋದ ವರ್ಷ ತಿಳಿದುಕೊಂಡದ್ದನ್ನು ಈ ವರ್ಷ ಹೇಳಲು ಅವಳಿಗೆ ಧೈರ್ಯವಿರಲಿಲ್ಲ. ನಿಮಗೆ ಗೊತ್ತಿಲ್ಲದ್ದು ಇನ್ನೇನಿದೆ ಎಂದು ಭದ್ರಮ್ಮ ಮೇಡಂ ತಮಾಷೆ ಮಾಡಿದರೂ ಕೇಳಲಿಲ್ಲ. ಮೇ ತಿಂಗಳ ಒಂದು ಬೆಳಗ್ಗೆ ಬೈರಪ್ಪನಿಗೆ ಮುದ್ದೆ ಮಾಡಿಟ್ಟು, ಕೊಡೆ ಹಿಡಿದು, ಸ್ಕೂಲಿಗೆ ರಜವಿದ್ದರೂ ಅವಳು ಹೊರಟಳು. ಮೊದಲು ಐ.ಟಿ.ಐ., ಅಲ್ಲಿಂದ ಪಾಲಿಟೆಕ್ನಿಕ್ಕು, ಅಲ್ಲಿಂದ ಮೂರು ಕಾಲೇಜು. ಜೂನ್ ಒಂದಕ್ಕೆ ಬೆಂಚಿನ ಮೇಲೆ ಕೂರುವ ಮುಂಚೆ ಎಲ್ಲವನ್ನೂ ಹೊಸದಾಗಿ ಕೇಳಿಕೊಂಡು ಬರಬೇಕಿತ್ತು.