ಬಸಲಿಂಗಪ್ಪ ಬಿಡುವ ಹದಿನೈದು ಅಡಿ

ಬೆಳಗಿನ ಐದೂವರೆ. ರಾಮದುರ್ಗ ತಾಲ್ಲೂಕಿನ ಸಕ್ಕರೆ ಕಾರ್ಖಾನೆಯೊಂದರ ಅಂಗಳದಲ್ಲಿ ಕಬ್ಬಿನ ಲಾರಿಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ನಿಂತಿವೆ. ಚಿಮಣಿಯ ಹೊಗೆ ಮಂಜಿನಲ್ಲಿ ಸಿಕ್ಕಿ ಮೇಲೇಳದೆ ಉಳಿದಿದೆ. ಅಷ್ಟುದ್ದ ಸಾಲಿನಲ್ಲಿ ಒಂದೇ ಒಂದು ಕಡೆ ಹದಿನೈದು ಅಡಿ ಜಾಗ ಖಾಲಿ. ಅದರ ಹಿಂದಿನ ಲಾರಿಯಿಂದ ಬಸಲಿಂಗಪ್ಪ ನಿಧಾನಕ್ಕೆ ಇಳಿಯುತ್ತಾರೆ. ಮಂಡಿ ನೆಟ್ಟಗಾಗಲು ತುಸು ಹೊತ್ತು ಬೇಕು. ಎಣ್ಣೆ, ನೀರು, ಗಾಲಿಯ ನಟ್ಟು, ಹಿಂದಿನ ಗಾಲಿಗೆ ಕೊಟ್ಟ ಕಲ್ಲು, ಎಲ್ಲವನ್ನೂ ಸುತ್ತು ಹಾಕಿ ನೋಡುತ್ತಾರೆ. ಸೈನ್ಯದಲ್ಲಿ ಚಾಲಕರ ದಿನ ಶುರುವಾಗುತ್ತಿದ್ದದ್ದೇ ಹೀಗೆ. ಅಲ್ಲಿ ಹದಿನೇಳು ವರ್ಷ ಲಾರಿ ಓಡಿಸಿದವರು ಅವರು. ಊರಿಗೆ ಬಂದು ಎಂಟು ವರ್ಷವಾದರೂ ಆ ಸುತ್ತು ತಪ್ಪಿಲ್ಲ.

ಆ ಖಾಲಿ ಜಾಗವೂ ಸೈನ್ಯದಿಂದಲೇ ಬಂದದ್ದು. ಬೆಟ್ಟದ ದಾರಿಯಲ್ಲಿ ಗಾಡಿಗಳು ಸಾಲಾಗಿ ಹೋಗುವಾಗ ನಡುವೆ ಅಂತರ ಬಿಡಲೇಬೇಕು. ಕಾರ್ಖಾನೆಯ ಅಂಗಳದಲ್ಲಿ ಅಂಥ ಕಟ್ಟಳೆಯಿಲ್ಲ. ನಂಬರ್ ಚೀಟಿ ಕೊಡುವುದು ತೂಕದ ಕಾಂಟಾದ ಬಳಿ. ಅಲ್ಲಿಯವರೆಗೆ ಯಾರು ಮೂತಿ ತೂರಿಸಿದರೋ ಅವರದ್ದೇ ಪಾಳಿ. ಹೀಗಾಗಿ ನಿನ್ನೆ ಸಂಜೆಯಿಂದ ಬಸಲಿಂಗಪ್ಪನವರ ಮುಂದೆ ಮೂರು ಲಾರಿಗಳು ನುಗ್ಗಿವೆ. ಪ್ರತಿ ಸಲವೂ ಅವರು ಬೈಯದೆ, ನುಗ್ಗಿದ ಗಾಡಿ ಮುಂದೆ ಸರಿಯುವವರೆಗೆ ತಡೆದು, ಮತ್ತೆ ಹದಿನೈದು ಅಡಿ ಬಿಟ್ಟು ನಿಂತಿದ್ದಾರೆ.

"ಏ ಮಿಲ್ಟ್ರಿ ಮಾಮಾ, ಮುಂದ ಏನ್ ಕಬಡ್ಡಿ ಆಡಸ್ತೀಯೇನ?" ಮೂರನೆಯವನಾಗಿ ನುಗ್ಗಿದ ಮಾಂತೇಶ ಮುಂದಿನ ಲಾರಿಯ ಕಿಟಕಿಯಿಂದ ಕೂಗುತ್ತಾನೆ.

"ಆಡ್ತೀಯೇನಪಾ? ಇಳದ್ ಬಾ," ಎನ್ನುತ್ತಾರೆ ಬಸಲಿಂಗಪ್ಪ, ಕಲ್ಲನ್ನು ಕಾಲಿನಿಂದ ಇನ್ನಷ್ಟು ಒಳಗೆ ಒತ್ತುತ್ತಾ.

ಕಟಕೋಳದ ಈ ಮಾಜಿ ಸೈನಿಕರಿಗೆ ಈಗ ನಲವತ್ತೈದು. ನಿವೃತ್ತಿಯ ದಿನ ಊರಿನವರು ಹಾರ ಹಾಕಿ ಮೆರವಣಿಗೆ ಮಾಡಿದ್ದರು. ಆರು ತಿಂಗಳಾದ ಮೇಲೆ ಕೆಲಸ ಹುಡುಕುವಾಗ ಜೊತೆಗೆ ಯಾರೂ ಇರಲಿಲ್ಲ. ಬ್ಯಾಂಕಿನ ಕಾವಲು ಕೆಲಸಕ್ಕೆ ಎರಡು ಸಲ ಅರ್ಜಿ ಹಾಕಿದರು, ಆಗಲಿಲ್ಲ. ಹಿಮದಲ್ಲಿ ಗಾಡಿ ಓಡಿಸಿದ ಕೈಗೆ ಇಲ್ಲಿ ಮತ್ತೆ ಪರೀಕ್ಷೆ ಕೊಟ್ಟು ಲೈಸೆನ್ಸ್ ಪಡೆಯಬೇಕಾಯಿತು. ಪಿಂಚಣಿಯಲ್ಲಿ ಮನೆ ನಡೆಯುತ್ತದೆ, ಆದರೆ ಮಗಳು ಐಶ್ವರ್ಯಾಳ ನರ್ಸಿಂಗ್ ಓದು ನಡೆಯುವುದಿಲ್ಲ. ಅದಕ್ಕೇ ಈ ಲಾರಿ.

ಬೈಲಹೊಂಗಲ ಕಡೆಯ ಹೊಲದಲ್ಲಿ ಕಬ್ಬು ಹೇರಲು ಐದು ಗಂಟೆ. ದಾರಿ ಎರಡು ಗಂಟೆ. ಅಂಗಳದಲ್ಲಿ ಕಾಯುವುದು ಹನ್ನೆರಡು ಗಂಟೆ, ಕೆಲವೊಮ್ಮೆ ಇಪ್ಪತ್ತು. ನಿದ್ದೆಯೆಲ್ಲ ಸೀಟಿನ ಮೇಲೆಯೇ, ಅದೂ ಸಾಲು ಸರಿದಾಗಲೆಲ್ಲ ಎಚ್ಚರಾಗುವ ನಿದ್ದೆ. ಹಂಗಾಮು ಶುರುವಾಗಿ ಎಪ್ಪತ್ತು ದಿನಗಳಾದವು. ಮನೆಯ ಹಾಸಿಗೆಯಲ್ಲಿ ಮಲಗಿದ್ದು ಒಂಬತ್ತು ರಾತ್ರಿ.

"ಮಿಲ್ಟ್ರಿಯಾಗ ಇದ್ದಾಗ ವರ್ಷಕ್ಕ ಎರಡು ತಿಂಗಳ ರಜಾ ಪೂರಾ ಮನ್ಯಾಗ ಇರತಿದ್ರು," ಎನ್ನುತ್ತಾರೆ ಪತ್ನಿ ಮಹಾನಂದಾ. "ಈಗ ಇಲ್ಲೇ ಅದಾರ, ಆದ್ರ ಮನ್ಯಾಗ ಇಲ್ಲ."

ಕಾದಷ್ಟೂ ಕಬ್ಬು ಒಣಗಿ ತೂಕ ಇಳಿಯುತ್ತದೆ. ಬೇರೆ ಚಾಲಕರು ವಾರಕ್ಕೆ ಆರು ಟ್ರಿಪ್ ಮುಗಿಸಿದರೆ, ಬಸಲಿಂಗಪ್ಪನವರದು ನಾಲ್ಕು, ಹೆಚ್ಚೆಂದರೆ ಐದು. ಲಾರಿ ಮಾಲೀಕ ದುಂಡಪ್ಪ ಕಳೆದ ವಾರವೇ ಹೇಳಿದ್ದರು: "ಶನಿವಾರದೊಳಗ ಆರು ಆಗಲಿಲ್ಲಂದ್ರ ಕೀಲಿ ಕೊಟ್ಟು ಮನೀಗ್ ಹೋಗು." ಇಂದು ಶನಿವಾರ. ಸಾಲಿನಲ್ಲಿ ನಿಂತಿರುವುದು ನಾಲ್ಕನೆಯ ಟ್ರಿಪ್.

ಬುಟ್ಟಿ ಹೊತ್ತ ಶಟ್ಟೆವ್ವ ಲಾರಿಗಳ ಸಾಲಿನ ಆ ಬದಿಯಿಂದ ಈ ಬದಿಗೆ, ಅದೇ ಹದಿನೈದು ಅಡಿಯಲ್ಲಿ ದಾಟಿ ಬರುತ್ತಾರೆ. ಚಾಲಕರಿಗೆ ರೊಟ್ಟಿ, ಝುಣಕ ಮಾರುವ ಅರವತ್ತರ ಹೆಂಗಸು. ಬೇರೆಲ್ಲೂ ಅವರಿಗೆ ದಾಟಲು ಸಂದಿಯಿಲ್ಲ.

"ತಮ್ಮಾ, ಇವತ್ತ ಕೀಲಿ ಕೊಡೂ ದಿನಾ ಅಲ್ಲೇನೋ? ಒಂದ್ ದಿನಾ ಮುಂದ ಸರದ್ ನಿಂದ್ರಬಾರದ?"

"ಸರದ್ರ ನೀ ಹೆಂಗ ಬರತೀ ಯವ್ವಾ?"

"ನಾ ಸುತ್ತ ಹಾಕಿ ಬರತೇನಿ. ನಿನ್ನ ಮಗಳ ನರ್ಸಿಂಗ್ ಸಾಲಿ ಸುತ್ತ ಹಾಕಿ ಬರತೈತೇನು?"

ಬಸಲಿಂಗಪ್ಪ ರೊಟ್ಟಿ ಮುರಿಯುತ್ತಾರೆ. ತಿಂದಾದ ಮೇಲೆ ಗಂಗಪ್ಪನ ಮಾತು ತೆಗೆಯುತ್ತಾರೆ. ಸವದತ್ತಿಯ ಗಂಗಪ್ಪ ಸೈನ್ಯದಲ್ಲಿ ಬಸಲಿಂಗಪ್ಪನವರ ಗಾಡಿಯ ಸಹಚಾಲಕ. ಉತ್ತರದ ಬೆಟ್ಟದ ಏರಿನಲ್ಲಿ ಒಮ್ಮೆ ಸಾಲು ನಿಂತಾಗ, ಮುಂದಿನ ಗಾಡಿಯ ಗಾಲಿಗೆ ಕಲ್ಲು ಕೊಡಲು ಇಳಿದಿದ್ದರು. ಮುಂದಿನ ಗಾಡಿ ಹಿಂದಕ್ಕೆ ಜಾರಿತು.

"ಥಂಡಿ ಭಾಳ ಇತ್ತು. ಲಗೂನ ಕ್ಯಾಂಪ್ ಮುಟ್ಟೋಣು ಅಂತ ನಾನ ಹತ್ತರ ಸರಕೊಂಡ್ ನಿಂತಿದ್ದೆ. ಅದು ಜಾರಿದ್ದು ನಾಕ ಅಡಿ. ನಾ ಬಿಟ್ಟಿದ್ದು ಮೂರು."

ಎರಡು ಗಾಡಿಗಳ ನಡುವೆ ಸಿಕ್ಕಿ ಗಂಗಪ್ಪನ ಬಲಗಾಲು ಹೋಯಿತು. ಈಗ ಅವರು ಕಿತ್ತೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. "ಫೋನ್ ಮಾಡಿದಾಗೊಮ್ಮೆ ನಗತಾನ್ರಿ ಅವ. ನನಗ ನಗಿ ಬರೂದಿಲ್ಲ."

ಎಂಟು ಗಂಟೆಗೆ ದುಂಡಪ್ಪ ಬೈಕಿನಲ್ಲಿ ಬರುತ್ತಾರೆ. ಲಾರಿಯ ಮುಂದೆ ನಿಂತು, ಎರಡೂ ಕೈ ಚಾಚಿ ಖಾಲಿ ನೆಲವನ್ನು ತೋರಿಸುತ್ತಾರೆ.

"ಇದೇನಿದು? ನಿಮ್ಮ ಅಪ್ಪನ ಹೊಲಾ ಬಿಟ್ಟಂಗ ಬಿಟ್ಟೀಯಲ್ಲೋ! ಮೂರ್ ಗಾಡಿ ಒಳಗ ಹೊಕ್ಕಾವಂತ. ಇಳೀ, ಕೀಲಿ ತಾ."

ಬಸಲಿಂಗಪ್ಪ ಇಳಿಯುತ್ತಾರೆ. ಕೀಲಿ ಕೈಯಲ್ಲೇ ಇದೆ. ಅದೇ ಹೊತ್ತಿಗೆ ಸಾಲು ಸರಿಯುವ ಸೀಟಿ ಕೇಳುತ್ತದೆ. ಕಾಂಟಾದ ಕಡೆಗೆ ನೆಲ ಏರು. ಮಾಂತೇಶ ಬ್ರೇಕು ಬಿಟ್ಟು ಗೇರಿಗೆ ಹಾಕುವಷ್ಟರಲ್ಲಿ ತುಂಬಿದ ಲಾರಿ ಹಿಂದಕ್ಕೆ ಉರುಳುತ್ತದೆ. ಒಂದಡಿ, ಎರಡಡಿ, ಐದಡಿ. ಹೊರಚಾಚಿದ ಕಬ್ಬಿನ ತುದಿಗಳು ಬೆನ್ನಿಗೆ ತಾಗಿ ದುಂಡಪ್ಪ ಮುಗ್ಗರಿಸುತ್ತಾರೆ. ಬಸಲಿಂಗಪ್ಪನವರ ಲಾರಿಯ ಬಂಪರ್ ಇನ್ನೂ ದೂರವೇ ಇದೆ. ಮಾಂತೇಶನ ಲಾರಿ ಹೊಗೆ ಕಾರುತ್ತಾ ಮುಂದಕ್ಕೆ ಹೋಗುತ್ತದೆ.

ದುಂಡಪ್ಪ ನಾಲ್ಕು ಹೆಜ್ಜೆ ನಡೆದು ಬಂದು ಬಂಪರನ್ನು ಹಿಡಿದುಕೊಳ್ಳುತ್ತಾರೆ.

"ನೀವು ನಿಂತೀರಲ್ಲ ಸಾವಕಾರ್ರ," ಎನ್ನುತ್ತಾರೆ ಬಸಲಿಂಗಪ್ಪ, ದನಿ ಏರಿಸದೆ, "ಆ ಜಾಗಾನ ನೋಡ್ರಿ ನಾ ಬಿಡೂದು."

ದುಂಡಪ್ಪ ಅಂಗಿಗೆ ಅಂಟಿದ ಕಬ್ಬಿನ ರವದಿಯ ಒಣ ಎಲೆಗಳನ್ನು ಕೊಡವಿಕೊಳ್ಳುತ್ತಾರೆ. ಶಟ್ಟೆವ್ವ ಕೊಟ್ಟ ನೀರು ಕುಡಿಯುತ್ತಾರೆ. "ಮುಂದಿನ ವಾರ ಐದಾದ್ರೂ ಟ್ರಿಪ್ ಮಾಡು ಮಾರಾಯಾ," ಎಂದು ಬೈಕಿನ ಕಡೆ ನಡೆಯುತ್ತಾರೆ. ಕೀಲಿ ಕೇಳುವುದಿಲ್ಲ.

ಬಸಲಿಂಗಪ್ಪ ಮತ್ತೆ ಸೀಟು ಹತ್ತುತ್ತಾರೆ. ಉಳಿದದ್ದು ಇನ್ನೂ ಹನ್ನೊಂದು ಲಾರಿ, ಎಂದರೆ ನಾಲ್ಕು ತಾಸು. ಕಣ್ಣುಗಳು ಕೆಂಪಾಗಿವೆ. ಇಲ್ಲಿ ಏನಾದರೂ ಬದಲಾಗಬೇಕೇ ಎಂದು ಕೇಳಿದರೆ, ದೊಡ್ಡದೇನೂ ಬೇಡ ಎನ್ನುತ್ತಾರೆ.

"ಕಾರಖಾನಿಯವರು ಈ ಅಂಗಳದಾಗ ಮಂದಿ ದಾಟಾಕ ಒಂದ್ ಸುಣ್ಣದ ಗೆರಿ ಹೊಡಸ್ಲಿ ಸಾಕ್ರಿ. ಗೆರಿ ಇದ್ರ ಎಲ್ಲಾರೂ ಬಿಡತಾರ. ನಾನೂ ಒಂದ್ ತಾಸ ಕಣ್ಣ ಮುಚ್ಚತೇನಿ."

ಮುಂದೆ ಸಾಲು ಸರಿಯುತ್ತದೆ. ಅವರು ಗೇರು ಹಾಕಿ ಮುಂದೆ ಹೋಗುತ್ತಾರೆ, ಹದಿನೈದು ಅಡಿ ಇರುವಾಗಲೇ ನಿಲ್ಲುತ್ತಾರೆ, ಕಲ್ಲು ಕೊಡಲು ಇಳಿಯುತ್ತಾರೆ.