ಅಕ್ಕಿ ಡಬ್ಬಿಯಲ್ಲುಳಿದ ನೋಂದಣಿ ಚೀಟಿ

ಇದನ್ನು ಕೊಟ್ಟಿಗೆಹಾರದ ಪೊಲೀಸ್ ಗೇಟಿನಲ್ಲಿ ಕೂತೇ ಬರೆಯುತ್ತಿದ್ದೇನೆ; ಆದರೂ ಗಾಬರಿಯಲ್ಲಿ ಯಾರು ಮೊದಲು ಮಾತಾಡಿದರೆಂಬುದು ನನ್ನ ನೆನಪಿನಲ್ಲಿ ಆಗಲೇ ಅದಲುಬದಲಾಗಿರಬಹುದು.

ಮಂಗಳೂರಿಗೆ ಹೊರಟಿದ್ದ ನಮ್ಮ ಬಸ್ಸನ್ನು ದಫೇದಾರರು ತಡೆದು, ನನ್ನ ಜೊತೆ ಓದುವ ಜರ್ಮನಿಯ ಎಲ್ಸಾಳ ನೋಂದಣಿ ಚೀಟಿ ಕೇಳಿದರು. ಜರ್ಮನಿಯೊಡನೆ ಯುದ್ಧ ಶುರುವಾದಾಗಿನಿಂದ ಪರದೇಶದವರು ಅದಿಲ್ಲದೆ ಓಡಾಡುವಂತಿಲ್ಲ. ಅವಳ ಚೀಲದಲ್ಲಿ ಅದಿರಲಿಲ್ಲ.

"ನಿನ್ನೆ ನಾನೇ ತೆಗೆದು ಅಕ್ಕಿ ಡಬ್ಬಿಲಿಟ್ಟೆ," ಎಂದರು ಜೊತೆಗೆ ಬಂದಿದ್ದ ಸೋದರಮಾವ. ಜಾವಳಿಯ ಅವರ ಮನೆಯಲ್ಲೇ ನಾವು ತಂಗಿದ್ದುದು. "ಈ ಥಂಡಿಗೆ ಶಾಯಿ ಹರಡ್ತದೆ. ನಮ್ಮ ತೋಟದ ಪತ್ರ ಎಲ್ಲ ಅಲ್ಲೇ ಇರೋದು."

"ಪತ್ರ ಬೆಚ್ಚಗದೆ, ಹುಡುಗಿ ಠಾಣೇಲಿ. ಒಳ್ಳೇ ಕೆಲಸ ಮಾರಾಯ್ರೆ!" ಎಂದರು ದಫೇದಾರರು.

ಅವರು ಎಲ್ಸಾಳಿಗೆ ಬೆಲ್ಲದ ಕಾಫಿ ತರಿಸಿಕೊಟ್ಟರು; ಗೇಟಿನ ಕೋಣೆಯ ಹೊಸ್ತಿಲು ದಾಟಲು ಮಾತ್ರ ಬಿಡಲಿಲ್ಲ. "ಸಂಜೆಯೊಳಗೆ ಚೀಟಿ ಬರ್ಲಿಲ್ಲ ಅಂದ್ರೆ ಇವರನ್ನ ಚಿಕ್ಕಮಗಳೂರಿಗೆ ಕಳಿಸ್ಬೇಕು. ಆಮೇಲೆ ಪರದೇಶದವರನ್ನ ಕೂಡಿಹಾಕೋ ಕ್ಯಾಂಪಿಗೆ ಹಾಕ್ತಾರೋ ಏನೋ, ನನ್ನ ಕೈಲಿಲ್ಲ."

ಬಸ್ಸು ನಮ್ಮನ್ನು ಬಿಟ್ಟು ಹೋಯಿತು. ಚೀಟಿ ತರಲು ಮಾವ ಜಾವಳಿ ಕಡೆಯ ಕಾಫಿ ಲಾರಿಯೊಂದನ್ನು ಹತ್ತಿದರು. ನಾನು ಲಾರಿಯ ಪಕ್ಕದಲ್ಲೇ ಓಡುತ್ತ ಕೇಳಿದೆ.

"ಮಾವ, ಸಿಗದೇ ಹೋದ್ರೆ ಇವಳಿಗೆ ನಾನೇನು ಹೇಳ್ಲಿ?"