ಇಲಿ ಬಿದ್ದದ್ದು ಪಟೇಲರ ಮನೆಯಲ್ಲಿ

ಆಳುವವರು ಹೇಗಿರಬೇಕು ಎಂಬುದರ ಬಗ್ಗೆ ನನಗೆ ಹದಿನೆಂಟನೇ ವಯಸ್ಸಿಗೇ ಖಚಿತವಾದ ಅಭಿಪ್ರಾಯವಿತ್ತು. ನಾನು ಶಾಲೆಗೆ ಹೋದವನಲ್ಲ. ಹುಣಸೂರಿನ ಅಂಗಡಿಯಿಂದ ಬೆಲ್ಲ, ಸೀಗೆಪುಡಿ ಕಟ್ಟಿಕೊಂಡು ಬರುತ್ತಿದ್ದ ಹಳೇ ಪತ್ರಿಕೆಗಳನ್ನು ಬಿಡಿಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದು ಬರಹ ಕಲಿತವನು. ಹರಿದ ಹಾಳೆಯಲ್ಲಿ ಅರ್ಧ ಸುದ್ದಿ ಇರುತ್ತಿತ್ತು, ಉಳಿದರ್ಧವನ್ನು ನಾನೇ ತುಂಬಿಕೊಳ್ಳುತ್ತಿದ್ದೆ. ಹಾಗೆ ತುಂಬಿಕೊಂಡ ವಿದ್ಯೆಯನ್ನೆಲ್ಲ ಕಮ್ಮಾರಣ್ಣನ ಕುಲುಮೆಯ ಮುಂದೆ ಸುರಿಯುತ್ತಿದ್ದೆ.

"ಆಳೋರು ಅಂದ್ರೆ ಭಯ ಇರ್ಬೇಕು ಕಣಣ್ಣ. ಪ್ರೀತಿ ತೋರುಸುದ್ರೆ ಜನ ತಲೆ ಮೇಲೆ ಕೂತ್ಕತಾರೆ."

"ನೋಡ್ರಪ್ಪಾ, ನಮ್ಮೂರ ದಿವಾನ್ರು ಅಪ್ಪಣೆ ಕೊಡ್ತಾವ್ರೆ!" ಎಂದು ಅವನು ಕೂತವರಿಗೆಲ್ಲ ಸಾರುತ್ತಿದ್ದ. "ಮೊದ್ಲು ಆ ತಿದಿ ಒತ್ತುಲಾ ದಿವಾನಾ, ಬೆಂಕಿ ಆರೋಯ್ತದೆ."

ನನ್ನ ಮಾತಿಗೆ ಗುರಿ ನಮ್ಮೂರ ಪಟೇಲರೇ. ಅವರಿಗಿಂತ ಮುಂಚೆ ಅವರ ದೊಡ್ಡಪ್ಪ ಪಟೇಲರಾಗಿದ್ದರು. ಕಾಲುವೆ ಕೆಲಸಕ್ಕೆ ಬಾರದವನನ್ನು ಚಾವಡಿಯ ಮುಂದೆ ಬಿಸಿಲಲ್ಲಿ ಬಗ್ಗಿಸಿ, ಬೆನ್ನ ಮೇಲೆ ಕಲ್ಲು ಹೊರಿಸುತ್ತಿದ್ದವರು. ಇವರು ಅಧಿಕಾರಕ್ಕೆ ಬಂದ ವಾರದಲ್ಲೇ ಆ ಕಲ್ಲನ್ನು ಮನೆಗೆ ಸಾಗಿಸಿ ಹಿತ್ತಿಲ ಬಾವಿಯ ಹತ್ತಿರ ಬಟ್ಟೆ ಒಗೆಯಲು ಹಾಕಿಸಿಕೊಂಡರು. ಚಾವಡಿಯಲ್ಲಿ ಕೂರುವುದಕ್ಕಿಂತ ಜನರ ಮನೆಯ ಜಗಲಿಯ ಮೇಲೆ ಕೂರುವುದೇ ಹೆಚ್ಚು. ಯಾರ ಎತ್ತು ಕುಂಟುತ್ತಿದೆ, ಯಾರ ಸೊಸೆ ತವರಿಗೆ ಹೋಗಿ ಎಷ್ಟು ದಿನವಾಯಿತು, ಎಲ್ಲ ಗೊತ್ತು. ನನ್ನ ಕಣ್ಣಿಗೆ ಅದು ಪಟೇಲಿಕೆಯ ಹಾಗೆ ಕಾಣುತ್ತಲೇ ಇರಲಿಲ್ಲ.

ಆ ಚಳಿಗಾಲದಲ್ಲಿ ಕೊಪ್ಪದ ಕಡೆಯ ಹಳ್ಳಿಗಳಲ್ಲಿ ಪ್ಲೇಗು ಬಂತೆಂದು ಸುದ್ದಿಯಾಯಿತು. ಪ್ಲೇಗಿಗೆ ಮುಂಚೆ ಇಲಿಗಳು ಸಾಯುತ್ತವೆ. ಒಂದು ಮನೆಯಲ್ಲಿ ಸತ್ತ ಇಲಿ ಬಿದ್ದರೂ ಪಟೇಲರು ತಾಲ್ಲೂಕು ಕಚೇರಿಗೆ ವರದಿ ಕಳಿಸಬೇಕು, ಇಡೀ ಊರು ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ದೊಡ್ಡಪ್ಪನ ಕಾಲದಲ್ಲಿ ಇಲಿ ಬಿದ್ದ ಮನೆಯವರನ್ನು, ಊರಿಗೇ ಕೇಡು ತಂದವರೆಂದು ಚಾವಡಿಗೆ ಎಳೆಸಿದ್ದರಂತೆ. ಆಮೇಲೆ ಚಾವಡಿಗೆ ಒಂದೇ ಒಂದು ಇಲಿಯ ಸುದ್ದಿಯೂ ಬರಲಿಲ್ಲ. ಎಲ್ಲರೂ ಮುಚ್ಚಿಟ್ಟರು. ನಮ್ಮ ಎದುರು ಮನೆಯಲ್ಲಿ ದೀಪ ಹಚ್ಚುವವರೇ ಉಳಿಯಲಿಲ್ಲ. ಜನಕ್ಕೆ ಭಯ ಇನ್ನೂ ಸಾಲದಾಗಿತ್ತು ಅಂತ ನಾನು ಇದಕ್ಕೂ ಸಮಾಧಾನ ಹೇಳಿಕೊಂಡಿದ್ದೆ.

ನಮ್ಮ ಮನೆಯಲ್ಲಿ ಆಗ ಅವ್ವ, ನಾನು, ಹೆರಿಗೆಗೆ ಬಂದಿದ್ದ ನನ್ನ ಅಕ್ಕ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅಕ್ಕನ ಕೂಸಿಗೆ ಒಂಬತ್ತು ದಿನ. ಬಾಣಂತಿ ಕೋಣೆಯ ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಒಳಗೆ ಕೆಂಡದ ಮಡಕೆ ಇಟ್ಟಿದ್ದೆವು. ಅಕ್ಕ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿರುತ್ತಿದ್ದಳು.

ಒಂದು ಬೆಳಿಗ್ಗೆ ರಾಗಿ ತೆಗೆಯಲು ಹೋದ ಅವ್ವ, ಕಾಳು ತುಂಬುವ ಮಣ್ಣಿನ ವಾಡೆಯ ಹಿಂದಿನಿಂದ ಸದ್ದಿಲ್ಲದೆ ನನ್ನನ್ನು ಕೈಸನ್ನೆ ಮಾಡಿ ಕರೆದಳು. ನೆಲದ ಮೇಲೆ ಇಲಿ ಬಿದ್ದಿತ್ತು.

"ಯಾರ್ಗೂ ಯೋಳ್ಬ್ಯಾಡ ಕಣ್ಲಾ," ಎಂದಳು.

"ಪಟೇಲ್ರಿಗೆ ಯೋಳ್ಬೇಕಲ್ಲವ್ವಾ."

"ಒಂಬತ್ ದಿನದ ಬಾಣ್ತಿ. ಈ ಚಳೀಲಿ ಒಲದ ಗಾಳಿಗೆ ಆಕುದ್ರೆ ಸನ್ನಿ ಇಡ್ಕಂಡ್ ಒಂಟೋಯ್ತಾಳೆ. ಆಮೇಲೆ ಕೂಸ್ಗೆ ನೀನ್ ಆಲು ಕೊಡ್ತೀಯಾ?"

ಊರಿಗೆಲ್ಲ ಭಯದ ಪಾಠ ಹೇಳುತ್ತಿದ್ದವನು ಇಲಿಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ತಿಪ್ಪೆಯಲ್ಲಿ ಹೂತು ಬಂದೆ. ಅವತ್ತೂ ಮಾರನೆಯ ದಿನವೂ ಯಾರಾದರೂ ಕೆಮ್ಮಿದರೆ ಬಾಣಂತಿ ಕೋಣೆಗೆ ಓಡುತ್ತಿದ್ದೆ. ಕೂಸಿನ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಆದರೂ ಬಾಯಿ ಬಿಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಪಟೇಲರು ಬಂದರು. ಕೈಯಲ್ಲಿ ಒಂದು ಪುಟ್ಟ ಭರಣಿ, ಅವರ ಹೆಂಡತಿ ಮಾಡಿದ ಬಾಣಂತಿ ಖಾರ.

"ಎಂಗವ್ಳಕ್ಕಾ ಮಗ್ಳು?" ಎಂದು ಜಗಲಿಯ ಮೇಲೆ ಕೂತರು. "ವಾಡೆ ಇಂದೆ, ಅಟ್ಟದ್ ಮೇಲೆ ಒಂದ್ಕಿತ ನೋಡ್ಕಳಿ. ಕೂಸಿರೋ ಮನೆ, ಉಸಾರು." ಆಮೇಲೆ ನನ್ನ ಕಡೆ ತಿರುಗಿ, "ನೀನೊಬ್ಬ ಪೇಪರ್ ಓದ್ಬಲ್ಲೋನು ಈ ಬೀದೀಲಿರೋದು ನಂಗೆ ಧೈರ್ಯ ಕಣ್ಲಾ," ಎಂದರು.

ಅವರಿಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಕಲ್ಲು ತಂದಿದ್ದರೆ ಬಾಯಿ ಬಿಡದೆ ಹೊರುತ್ತಿದ್ದೆನೇನೋ. ಭರಣಿ ತಂದವರಿಗೆ ಹೇಗೆ ಸುಳ್ಳು ಹೇಳುವುದು? ಅವರು ಎದ್ದು ಹೋದ ಮೇಲೆ ಹಿಂದೆಯೇ ಓಡಿ, ಅವರ ಕೊಟ್ಟಿಗೆಯ ಹತ್ತಿರ ತಡೆದು ನಿಲ್ಲಿಸಿ ಎಲ್ಲ ಹೇಳಿಬಿಟ್ಟೆ.

ಅವರು ಕೊಟ್ಟಿಗೆಯ ಕಂಬಕ್ಕೆ ಕೈ ಊರಿ ನಿಂತರು. ಬೈಯಲಿಲ್ಲ. "ಮನೇಲಿ ಯಾರ್ಗಾರೂ ಜರ? ಕಂಕುಳಲ್ಲಿ ಗೆಡ್ಡೆ?"

"ಇಲ್ಲ."

"ಸರಿ, ಮೊದ್ಲು ಬಾಣ್ತಿ. ನಮ್ಮ ಬ್ಯಾರನ್ ಕಾಲಿ ಅದೆ."

ಹೊಗೆಸೊಪ್ಪು ಬೇಯಿಸಲು ಅವರು ಹೊಲದಲ್ಲಿ ಹೊಸದಾಗಿ ಕಟ್ಟಿಸಿದ್ದ ಬ್ಯಾರನ್ ಅದು. ಆ ವರ್ಷದ ಸೊಪ್ಪಿನ ಕಾಲ ಮುಗಿದ ಮೇಲೆ ಕಟ್ಟಿ ಮುಗಿದಿತ್ತು, ಇನ್ನೂ ಒಂದು ಎಲೆಯನ್ನೂ ಕಂಡಿರಲಿಲ್ಲ. ದಪ್ಪ ಮಣ್ಣಿನ ಗೋಡೆ, ಕಿಟಕಿಯಿಲ್ಲ, ಗಾಳಿ ನುಗ್ಗದು. ಬಾಣಂತಿಗೆ ಅದಕ್ಕಿಂತ ಬೆಚ್ಚಗಿನ ಜಾಗ ನಮ್ಮ ಊರಲ್ಲೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ಹೆಂಡತಿಯೇ ನಿಂತು ನೆಲ ಸಾರಿಸಿ, ಕೆಂಡ ಹಾಕಿಸಿ, ಕಮಾನು ಗಾಡಿಯ ಸುತ್ತ ಕಂಬಳಿ ಕಟ್ಟಿಸಿ ಅಕ್ಕನನ್ನೂ ಕೂಸನ್ನೂ ಕರೆದೊಯ್ದರು. ಅವ್ವ ಬ್ಯಾರನ್ನಿನ ಗೋಡೆಯನ್ನು ಸುತ್ತಲೂ ತಡವಿ ನೋಡಿ, ಒಂದು ಬಿರುಕೂ ಸಿಗದೆ, ಸುಮ್ಮನೆ ಕೂತು ಅತ್ತಳು.

ಆಮೇಲೆ ವರದಿ. ಶಾನುಭೋಗರು ಊರಲ್ಲಿರಲಿಲ್ಲ. ಪಟೇಲರು ಹೇಳಿದರು, ನಾನು ಬರೆದೆ.

"ಮೊನ್ನೆ ಬೆಳಿಗ್ಗೆ ನನ್ನ ಮನೆಯಲ್ಲಿ ಒಂದು ಇಲಿ ಬಿದ್ದಿದೆ ಅಂತ ಬರಿ."

ನಾನು ತಲೆ ಎತ್ತಿದೆ. "ನಿಮ್ಮನೇಲಿ ಅಂತ ಯಾಕ್ ಪಟೇಲ್ರೇ? ಓಗ್ಲಿ, ಇವತ್ತು ಬಿತ್ತು ಅಂತ್ಲಾದ್ರೂ ಬರೀತೀನಿ."

"ದಿನ ಸುಳ್ಳಾದ್ರೆ ಡಾಕುಟ್ರ ಲೆಕ್ಕ ತಪ್ತದೆ, ಜನ ಸಾಯ್ತಾರೆ. ಮನೆ ಸುಳ್ಳಾದ್ರೆ ಓಗೋದು ನನ್ ಮಾನ ತಾನೆ? ನಿಮ್ ಬೀದಿ ಪೂರಾ ಗಂಧಕದ ಹೊಗೆ ಆಕುಸ್ತೀನಿ ಬುಡು. ಬರಿ."

ಅದೇ ಮಾತನ್ನು ತಮಟೆ ಹೊಡೆಸಿ ಸಾರಿಸಿದರು. ಪಟೇಲರ ಮನೆಯಲ್ಲೇ ಇಲಿ ಬಿದ್ದಿದೆ ಎಂದು ಕೇಳಿ ಜನ ಬಾಯಿ ಬಿಟ್ಟು ನಿಂತರು. ಸ್ವಲ್ಪ ಹೊತ್ತಿಗೆ ಕಮ್ಮಾರಣ್ಣ ತಲೆ ಕೆರೆಯುತ್ತ ಮುಂದೆ ಬಂದ.

"ನಮ್ಮನೇಲೂ ಒಂದ್ ಬಿದ್ದಿತ್ತು ಕಣ್ರೀ... ಕುಲುಮೇಲಿ ಸುಟ್ಟಾಕ್ಬುಟ್ಟೆ."

"ಅದ್ಕೇ ನೀನ್ ಬಡ್ಕೊಟ್ಟ ನೇಗ್ಲು ಕುಳ ಅಂಗ್ ನಾತ ಒಡೀತಿತ್ತಾ!" ಎಂದು ಯಾರೋ ಕೂಗಿದರು. ಜನ ನಕ್ಕರು. ನಗುತ್ತಲೇ ಇನ್ನೂ ಇಬ್ಬರು ತಂತಮ್ಮ ಇಲಿಗಳನ್ನು ಒಪ್ಪಿಕೊಂಡರು. ಹೊತ್ತು ಮುಳುಗುವ ಮುಂಚೆ ಊರು ಖಾಲಿಯಾಯಿತು. ಯಾರ ಬೆನ್ನ ಮೇಲೂ ಏನೂ ಹೊರಿಸಬೇಕಾಗಲಿಲ್ಲ.

ನಾಲ್ಕು ದಿನದ ಮೇಲೆ ತಾಲ್ಲೂಕು ಕಚೇರಿಯ ಅಮಲ್ದಾರರಿಂದ ಕರೆ ಬಂತು. ಪಟೇಲರ ಜೊತೆ ನಾನೂ ಹುಣಸೂರಿಗೆ ನಡೆದೆ. ನಿಜ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕಚೇರಿಯಲ್ಲಿ ಅಮಲ್ದಾರರು ನಾನು ಬರೆದ ವರದಿಯನ್ನು ಮೇಜಿನ ಮೇಲೆ ಎಸೆದರು.

"ನಿಮ್ಮ ಮನೇಲೇ ಇಲಿ ಬಿದ್ದು, ಎರಡು ದಿನ ಮುಚ್ಚಿಟ್ಟಿದ್ದೀರಲ್ರೀ! ಪಟೇಲಿಕೆ ಮಾಡ್ತಿದ್ದೀರೋ, ಇಲಿ ಸಾಕ್ತಿದ್ದೀರೋ?"

ಗುಮಾಸ್ತರು ಬರೆಯುವುದನ್ನು ನಿಲ್ಲಿಸಿ ಕಿಸಕ್ಕೆಂದರು. ನಮ್ಮೂರನ್ನು ಆಳುವವರು ತಲೆರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಿದ್ದರು. ನಾನು, "ಸ್ವಾಮಿ, ಅದು..." ಎಂದು ಬಾಯಿ ತೆರೆದೆ. ಪಟೇಲರ ಹಿಮ್ಮಡಿ ನನ್ನ ಕಾಲ್ಬೆರಳಿನ ಮೇಲೆ ಬಲವಾಗಿ ಕೂತಿತು.

"ತಪ್ಪಾಯ್ತು ಬುದ್ದಿ," ಎಂದರು ಅವರು. "ಇನ್ಮೇಲೆ ಅಂಗಾಗಾಕಿಲ್ಲ."

ಹೊರಗೆ ಬಂದು, ನಾವಿಬ್ಬರೂ ಲಕ್ಷ್ಮಣತೀರ್ಥ ಹೊಳೆಯ ಸೇತುವೆ ದಾಟಿದೆವು. ನನಗೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಅಷ್ಟು ಹೆದರಿಕೆ ನನಗೆ ಯಾವ ಅಧಿಕಾರಿಯ ಮುಂದೆಯೂ ಆಗಿರಲಿಲ್ಲ. ಅವರು ರುಮಾಲು ಕಟ್ಟಿಕೊಳ್ಳುತ್ತ, ತಿರುಗಿ ನೋಡದೆಯೇ ಕೇಳಿದರು:

"ಇವತ್ತು ಕೂಸ್ಗೆ ಎಣ್ಣೆ ನೀರು ಆಕುದ್ರೇನ್ಲಾ?"

ಬೆಳಿಗ್ಗೆ ನಾನು ಹೊರಡುವ ಮುಂಚೆಯೇ ಹಾಕಿದ್ದರು. ಮೈ ತಣ್ಣಗಿತ್ತು, ಜ್ವರವಿರಲಿಲ್ಲ, ಹೊಟ್ಟೆ ತುಂಬ ಹಾಲು ಕುಡಿದು ಮಲಗಿತ್ತು. ಅವರ ಬೆನ್ನ ಹಿಂದೆಯೇ ತಲೆ ಆಡಿಸಿದೆ. ಅವರು ನೋಡಿರಲಿಲ್ಲವಲ್ಲ, ಇನ್ನೊಂದು ಸಲ ಕೇಳಿದರು.

"ಆಕುದ್ರು ಪಟೇಲ್ರೇ," ಎಂದೆ.